ಗಡಿಯಾಚೆಗೆ ಮಾತ್ರ ಬೈಯುತ್ತಿದ್ದ ನನ್ನ ಭಾವ

ಕೆಲವರಿಗೆ ಬೈಯಲು ಬರುವುದೇ ಇಲ್ಲ. ಅದು ದೊಡ್ಡ ಗುಣ ಎಂದು ಜನ ಹೊಗಳುತ್ತಾರೆ. ಹಾಗೆ ಹೊಗಳುವವರು ಅಂಥವರ ಜೊತೆ ಒಂದೇ ಮನೆಯಲ್ಲಿ ಇದ್ದು ನೋಡಬೇಕು. ನನ್ನ ಭಾವ, ಎಂದರೆ ಅಕ್ಕನ ಗಂಡ, ಅಂಥವರು. ನಲ್ಲಿ ರಿಪೇರಿಗೆ ಬಂದವನು ಸರಿಯಿದ್ದ ಇನ್ನೊಂದು ನಲ್ಲಿಯನ್ನೂ ಮುರಿದು ಹಾಕಿದರೆ "ಪರವಾಗಿಲ್ಲ, ಹಳೇ ನಲ್ಲಿ, ಪಾಪ ನೀವೇನ್ ಮಾಡ್ತೀರಿ" ಎಂದು ಅವನನ್ನು ಗೇಟಿನ ತನಕ ಬಿಟ್ಟು ಬರುತ್ತಾರೆ. ಕ್ಷೌರದವನು ಒಂದು ಕಡೆಯ ಮೀಸೆಯನ್ನು ಹೆಚ್ಚು ಕತ್ತರಿಸಿದರೆ ಅಲ್ಲಿ ಚಕಾರವೆತ್ತದೆ ಮನೆಗೆ ಬಂದು, ಇನ್ನೊಂದು ಕಡೆಯದನ್ನು ತಾವೇ ಕತ್ತರಿಸಿ ಸರಿಮಾಡಿಕೊಳ್ಳುತ್ತಾರೆ. ನಾನು ಉಪ್ಪು ಹಾಕುವುದನ್ನೇ ಮರೆತ ದಿನ ಕೇಳಿ ಎರಡನೇ ಸಲ ಬಡಿಸಿಕೊಂಡು ತಿಂದ ಪುಣ್ಯಾತ್ಮ ಅವರು. ಆಫೀಸಿನಲ್ಲಿ ಅವರನ್ನು ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. 'ಪರವಾಗಿಲ್ಲ ಸಾರ್' ಎಂದರೇ ಎಲ್ಲರಿಗೂ ಗೊತ್ತಾಗುತ್ತದೆ.

ಇಂಥ ಮನುಷ್ಯನಿಗೆ ಸಿಕ್ಕ ಕೆಲಸ ನೋಡಿ! ಸಂಶೋಧನೆ ಮಾಡುವವರು ಹಣಕ್ಕಾಗಿ ದೊಡ್ಡ ದೊಡ್ಡ ನಿಧಿಗಳಿಗೆ ಅರ್ಜಿ ಹಾಕುತ್ತಾರಲ್ಲ, ಆ ಅರ್ಜಿಯನ್ನು ಮೊದಲೇ ಓದಿ, ಇದು ಸರಿಯಿಲ್ಲ, ಇದು ಸಾಲದು, ಈ ಪುಟ ಕಿತ್ತು ಹಾಕಿ ಎಂದು ಹೇಳಬೇಕಾದ ಸಲಹೆಗಾರರ ಕೆಲಸ. ಊರಿನ ಸಂಶೋಧನಾ ಸಂಸ್ಥೆಯ ಎರಡನೇ ಮಹಡಿಯಲ್ಲಿ, ಮೆಟ್ಟಿಲಿಗೂ ಶೌಚಾಲಯಕ್ಕೂ ನಡುವೆ ಅವರ ಕೋಣೆ. ಒಂದು ಮೇಜು, ಒಂದು ಕಂಪ್ಯೂಟರು, ಕಾಲಿಗೆ ರಟ್ಟು ಮಡಚಿಟ್ಟ ಒಂದು ಕುರ್ಚಿ, ಬಂದವರಿಗೆ ಒಂದು ಒಳ್ಳೆಯ ಕುರ್ಚಿ. ರಟ್ಟಿನ ಕುರ್ಚಿ ಯಾರದು ಎಂದು ಹೇಳಬೇಕಾಗಿಲ್ಲ. ಪ್ರೊಫೆಸರು ಬಂದು ಒಳ್ಳೆಯ ಕುರ್ಚಿಯಲ್ಲಿ ಕೂರುತ್ತಿದ್ದರು. ಭಾವ ಪೆನ್ನು ಹಿಡಿದು ಅರ್ಜಿ ಓದುತ್ತಿದ್ದರು. ಪೆನ್ನು ಕಾಗದದ ಹತ್ತಿರ ಹೋಗಿ ಹಿಂದೆ ಬರುತ್ತಿತ್ತು. "ಚೆನ್ನಾಗಿದೆ ಸಾರ್. ಈ ಪುಟ ಸ್ವಲ್ಪ... ಬೇಡ ಬಿಡಿ, ಪರವಾಗಿಲ್ಲ, ಚೆನ್ನಾಗೇ ಇದೆ." ಅರ್ಜಿಗಳು ಎದೆಯುಬ್ಬಿಸಿ ಹೋಗುತ್ತಿದ್ದವು, ಜೋಲು ಮುಖ ಹಾಕಿಕೊಂಡು ವಾಪಸ್ ಬರುತ್ತಿದ್ದವು.

ನನಗೆ ಇದೆಲ್ಲ ಹೇಗೆ ಗೊತ್ತು ಎಂದರೆ, ಆ ಸಂಸ್ಥೆಯ ಗೇಟಿನ ಎದುರಿಗೇ ನನ್ನ ಜೆರಾಕ್ಸ್ ಮತ್ತು ಬೈಂಡಿಂಗ್ ಅಂಗಡಿ ಇದೆ. ಅರ್ಜಿಗಳೆಲ್ಲ ನನ್ನ ಕೈ ದಾಟಿಯೇ ಹೋಗಬೇಕು. ಸಾಲದ್ದಕ್ಕೆ ನಾನು ಇರುವುದು ಅಕ್ಕ ಭಾವನ ಮನೆಯಲ್ಲೇ. ಮದುವೆಯ ಮಾತು ಎತ್ತಿದವರಿಗೆಲ್ಲ ನಾನು ಕೊಟ್ಟ ಉತ್ತರ ಕೇಳಿದ ಮೇಲೆ ಯಾರೂ ಮತ್ತೆ ಎತ್ತಲಿಲ್ಲ. ಬಾಯಿ ನಮ್ಮ ಮನೆಯಲ್ಲಿ ನನ್ನೊಬ್ಬಳಿಗೇ ಇರುವುದು.

ಇನ್ನು ನನ್ನಕ್ಕ. ಅವಳು ಅದೇ ಸಂಸ್ಥೆಯ ಹಿಂಭಾಗದಲ್ಲಿ, ಕಿಟಕಿಗೆ ಕಪ್ಪು ಕಾಗದ ಅಂಟಿಸಿದ ಒಂದು ಕೋಣೆಯಲ್ಲಿ ಗೆದ್ದಲು ಸಾಕುತ್ತಾಳೆ. ಹೌದು, ಗೆದ್ದಲೇ. ಲೋಕವೆಲ್ಲ ಔಷಧಿ ಹೊಡೆದು ಸಾಯಿಸುವ ಪ್ರಾಣಿಗೆ ನನ್ನಕ್ಕ ಗಾಜಿನ ಪೆಟ್ಟಿಗೆ ಕಟ್ಟಿಸಿ, ಹೊತ್ತು ಹೊತ್ತಿಗೆ ಮರದ ಪುಡಿ ತಿನ್ನಿಸುತ್ತಾಳೆ. ನನ್ನದೋ ಕಾಗದದ ಅಂಗಡಿ! ಅವಳು ಬಂದರೆ ಹೊಸ್ತಿಲಾಚೆಗೇ ನಿಲ್ಲಿಸಿ, ಬಟ್ಟೆ ಕೊಡವಿಸಿ, ಆಮೇಲೆ ಮಾತಾಡಿಸುತ್ತೇನೆ. ಗೆದ್ದಲು ಮಣ್ಣಿಗೆ ಜೊಲ್ಲು ಬೆರೆಸಿ ಗೂಡು ಕಟ್ಟುತ್ತದೆ, ಎಂಥ ಮಳೆಗೂ ಅದು ಕರಗುವುದಿಲ್ಲ. ಆ ಜೊಲ್ಲಿನಲ್ಲಿ ಏನಿದೆ ಎಂದು ಪತ್ತೆ ಮಾಡಿದರೆ ಕಾಲುವೆಯ ದಂಡೆಗೆ, ಮನೆಯ ಗೋಡೆಗೆ ಬಿದ್ದ ಬಿರುಕನ್ನು ಅಗ್ಗದಲ್ಲಿ ಮುಚ್ಚಬಹುದು ಎಂಬುದು ಅವಳ ಲೆಕ್ಕ. ಈ ವಿಷಯ ಶುರು ಮಾಡಿದಳೆಂದರೆ ಅವಳಿಗೆ ತಟ್ಟೆಯ ಊಟ ಆರಿದ್ದೂ ಗೊತ್ತಾಗುವುದಿಲ್ಲ, ನಮಗೆ ಏಳಲೂ ಬಿಡುವುದಿಲ್ಲ.

ಗಡಿಯ ಈಚೆಗೂ ಆಚೆಗೂ ಸೇರಿ ಒಂದು ನಿಧಿ ಇದೆ. ಎರಡೂ ದೇಶದವರು ಅದಕ್ಕೆ ಅರ್ಜಿ ಹಾಕಬಹುದು. ಅಕ್ಕ ಎರಡೆರಡು ವರ್ಷಕ್ಕೊಮ್ಮೆ ಮೂರು ಸಲ ಹಾಕಿದಳು, ಮೂರು ಸಲವೂ ಆಗುವುದಿಲ್ಲ ಎಂದು ಬಂತು. ನಾಲ್ಕನೆಯ ಸಲವೂ ತಪ್ಪಿದರೆ ಮತ್ತೆ ಹಾಕುವಂತಿಲ್ಲ, ಅದು ಆ ನಿಧಿಯ ನಿಯಮ. ನಿರ್ದೇಶಕರು ಬೇರೆ, ಈ ಸಲ ಹಣ ಬರದಿದ್ದರೆ ಕೋಣೆ ಖಾಲಿ ಮಾಡಿ, ಮುರಿದ ಕುರ್ಚಿಗಳನ್ನು ಇಡಲು ಜಾಗವಿಲ್ಲ ಎಂದುಬಿಟ್ಟಿದ್ದರು. ಗೆದ್ದಲನ್ನು ಏನು ಮಾಡಲಿ ಎಂದು ಅಕ್ಕ ಕೇಳಿದರೆ "ಅಲ್ಲೇ ಬಿಡಿ, ಕುರ್ಚಿ ಇದಾವಲ್ಲ" ಎಂದರಂತೆ. ಅವರದು ತಮಾಷೆ, ಇವಳಿಗೆ ಎರಡು ದಿನ ಊಟ ಸೇರಲಿಲ್ಲ. ಮೂರು ಸಲವೂ ಅವಳ ಅರ್ಜಿ ಓದಿದವರು ಯಾರು? ನಮ್ಮ ಭಾವ. ಮೂರು ಸಲವೂ ಹೇಳಿದ್ದೇನು? "ಪರವಾಗಿಲ್ಲ ಕಣೇ, ಚೆನ್ನಾಗಿ ಬರ್ದಿದೀಯ."

ಈ ನಡುವೆ ಆ ನಿಧಿಯವರು, ಎರಡೂ ಕಡೆಯಿಂದ ಬರುವ ಅರ್ಜಿಗಳು ಒಂದಕ್ಕಿಂತ ಒಂದು ಕಳಪೆಯಾಗಿರುವುದನ್ನು ನೋಡಿ ಸಾಕಾಗಿ, ಎರಡೂ ದೇಶದ ಸಲಹೆಗಾರರನ್ನು ತರಬೇತಿಗೆ ಕರೆದರು. ಗಡಿಯಾಚೆಯ ಪಟ್ಟಣದಲ್ಲಿ, ಬೆಳಿಗ್ಗೆ ಬಸ್ಸು ಹತ್ತಿದರೆ ಮಧ್ಯಾಹ್ನದೊಳಗೆ ಮುಟ್ಟುವ ದಾರಿ. ಭಾವ ಒಂದು ಫೈಲು, ಒಂದು ಪೆನ್ನು ಮತ್ತು ಹಗುರವಾದ ಮುಖ ಹೊತ್ತುಕೊಂಡು ವಾಪಸ್ ಬಂದರು. ಅಲ್ಲಿ ಅವರಿಗೆ ಆಚೆ ಕಡೆಯ ಸಲಹೆಗಾರ್ತಿಯೊಬ್ಬರು ಸಿಕ್ಕಿದ್ದರು. ನಮ್ಮ ಮನೆಯಲ್ಲಿ ಅವರಿಗೆ 'ಆಚೆ ಮೇಡಂ' ಎಂದೇ ಹೆಸರಾಯಿತು. ಅವರದೂ ಇದೇ ಗೋಳು. ಅರ್ಜಿ ಹಾಕುವವರಲ್ಲಿ ಒಬ್ಬರು ಅವರಿಗೆ ಪಾಠ ಹೇಳಿದ ಮೇಷ್ಟ್ರು, ಇನ್ನೊಬ್ಬರು ಅವರ ಅತ್ತೆಯ ತಮ್ಮ, ಮತ್ತೊಬ್ಬರು ಬಾಡಿಗೆ ಮನೆಯ ಯಜಮಾನರು. ಯಾರಿಗೆ ತಾನೇ ಏನು ಹೇಳುವುದು? ಊಟದ ಸಾಲಿನಲ್ಲಿ ತಟ್ಟೆ ಹಿಡಿದು ನಿಂತಲ್ಲೇ ಇಬ್ಬರೂ ದುಃಖ ತೋಡಿಕೊಂಡು ಒಂದು ಒಪ್ಪಂದಕ್ಕೆ ಬಂದರು. ನನ್ನವರನ್ನ ನೀವು ಬೈಯಿರಿ, ನಿಮ್ಮವರನ್ನ ನಾನು ಬೈತೀನಿ.

ಮೇಲಿನವರಿಗೆ ಬರೆದು ಕೊಟ್ಟಾಗ ಅದರ ಹೆಸರು 'ಗಡಿಯಾಚೆಯ ಸಲಹಾ ಸಹಕಾರ ಕಾರ್ಯಕ್ರಮ' ಎಂದಾಯಿತು. ಮೇಲಿನವರು ಮೆಚ್ಚಿ ತಲೆದೂಗಿದರು. ಒಳಗಿನ ಕಟ್ಟಳೆಗಳು ಮಾತ್ರ ಇಬ್ಬರಿಗೇ ಗೊತ್ತು. ಅರ್ಜಿ ಗಡಿ ದಾಟುವಾಗ ಅದರ ಮೇಲೆ ಹೆಸರು ಇರಬಾರದು, ಬರೀ ನಂಬರು. ಬುಧವಾರ ಕಂಪ್ಯೂಟರಿನಲ್ಲಿ ಮಾತಾಡುವಾಗ ಎರಡೂ ಕಡೆ ಕ್ಯಾಮೆರಾ ಮುಚ್ಚಿರಬೇಕು, ಯಾಕೆಂದರೆ ಮುಖ ಕಂಡರೆ ಬೈಯಲು ಬಾಯಿ ಬರುವುದಿಲ್ಲ. ಬೈಯಬೇಕಾದವರ ಜೊತೆ ಕೂತು ಟೀ ಕುಡಿಯಕೂಡದು. ಟೀ ಕುಡಿದರೆ ಮುಗಿಯಿತು, ಆಮೇಲೆ ಅವರು ನೆಂಟರಿದ್ದ ಹಾಗೆ.

ಅಲ್ಲಿಂದ ಈಚೆಗೆ ನಮ್ಮ ಸಂಸ್ಥೆಯಲ್ಲಿ ಬುಧವಾರ ಬಂತೆಂದರೆ ದೊಡ್ಡ ದೊಡ್ಡವರ ಮುಖ ಕೆಂಪಾಗತೊಡಗಿತು. ಬೆಳಕಿನ ಮೇಲೆ ಕೆಲಸ ಮಾಡುವ ಹಿರಿಯ ಪ್ರೊಫೆಸರೊಬ್ಬರು ನನ್ನ ಅಂಗಡಿಯ ಸ್ಟೂಲಿನ ಮೇಲೆ ಕುಸಿದು "ಅರ್ಧ ಅರ್ಜಿ ಕಿತ್ತಾಕ್ಸಿದ್ರಮ್ಮ ಆ ಹೆಂಗಸು! ನನ್ನ ಹೆಂಡ್ತೀನೂ ನನಗೆ ಹೀಗಂದಿಲ್ಲ" ಎಂದು ಮೂಗೆಳೆದರು. ಆ ವರ್ಷ ಅವರಿಗೆ ಹಣ ಬಂತು. ಇನ್ನಿಬ್ಬರಿಗೂ ಬಂತು. ಒಂದೊಂದು ಅರ್ಜಿಯನ್ನೂ ಬಿಚ್ಚಿ ಮತ್ತೆ ಮತ್ತೆ ಬೈಂಡ್ ಮಾಡಿಸುತ್ತಿದ್ದರಿಂದ ನನಗೂ ಒಳ್ಳೆಯ ವ್ಯಾಪಾರವಾಯಿತು. ಬೈಯುವುದೆಲ್ಲ ಆಚೆ ಮೇಡಮ್ಮೇ, ನಮ್ಮ ಭಾವ ಅವರ ಕಡೆಯವರಿಗೆ ಅದೇ ಹಳೆಯ ಪರವಾಗಿಲ್ಲದ ಪಾಠ ಒಪ್ಪಿಸುತ್ತಿರಬೇಕು ಎಂದು ನಾನೂ ಅಕ್ಕನೂ ನಂಬಿದ್ದೆವು.

ಒಂದು ದಿನ ಆಚೆ ಕಡೆಯ ಒಬ್ಬ ಮನುಷ್ಯ ಅಂಗಡಿಗೆ ಬಂದು, ಹಣೆ ಒರೆಸಿಕೊಳ್ಳುತ್ತಾ ಕೇಳಿದ. "ಇಲ್ಲಿ ಗರಗಸ ಅಂತ ಒಬ್ರು ಸಲಹೆಗಾರರು ಇದಾರಲ್ಲ, ಅವರ ಆಫೀಸು ಯಾವ ಕಡೆ?"

"ಗರಗಸಾನಾ? ಅಂಥವರು ಯಾರೂ ಇಲ್ವಲ್ಲ."

"ಇದಾರೆ ತಾಯಿ. ನಮ್ಮ ಕಡೆ ಅವರ ದನಿ ಕೇಳಿದ್ರೆ ಎಂಥೆಂಥವರಿಗೂ ಚಳಿಜ್ವರ ಬರತ್ತೆ. ನನ್ನ ಅರ್ಜೀನ ಮೂರು ಸಲ ಸೀಳಿದ್ರು. ಹಣ ಬಂತು, ಅದಕ್ಕೆ ಕೈಮುಗಿದು ಹೋಗೋಣ ಅಂತ ಬಂದೆ."

"ಇಲ್ಲಿ ಇರೋ ಸಲಹೆಗಾರರು ಒಬ್ರೇ, ನಮ್ಮ ಭಾವ. ಅವರು ನೊಣ ಬಂದು ಕೂತ್ರೂ ಕ್ಷಮಿಸಿ ಅಂತಾರೆ. ನೀವು ಬೇರೆ ಊರಿಗೆ ಹೋಗೋರು ಇಲ್ಲಿ ಇಳಿದ್ರಿ ಅನ್ಸತ್ತೆ" ಎಂದು ನಾನೇ ಅವನನ್ನು ಬಸ್ಸು ಹತ್ತಿಸಿ ಕಳಿಸಿದೆ. ನನ್ನ ಬುದ್ಧಿಗಿಷ್ಟು!

ನಾಲ್ಕನೆಯ ಅರ್ಜಿ ಬರೆದು ಮುಗಿಸಿದಾಗ ಅಕ್ಕ ಅಂಗಡಿಯ ಹೊಸ್ತಿಲಾಚೆ ನಿಂತು ಪಿಸುಗುಟ್ಟಿದಳು. "ಇವರಿಗೆ ತೋರ್ಸಲ್ಲ ಕಣೇ ಈ ಸಲ. ಆಚೆ ಮೇಡಂ ಹತ್ರಾನೇ ಹೋಗಿ ಬೈಸ್ಕೊಂಡು ಬರ್ತೀನಿ. ಇವರಿಗೆ ಹೇಳ್ಬೇಡ, ನೊಂದ್ಕೋತಾರೆ."

"ನಡಿ, ನಾನೂ ಬರ್ತೀನಿ. ನೀನು ಒಬ್ಳೇ ಹೋದ್ರೆ ಅವರು ಬೈಯೋದಕ್ಕೆ ಮುಂಚೆನೇ ಗೆದ್ದಲಿನ ಕಥೆ ಶುರು ಮಾಡ್ಬಿಡ್ತೀಯ" ಎಂದೆ.

ಗಡಿಯ ಚೆಕ್‌ಪೋಸ್ಟಿನಲ್ಲಿ ಅಧಿಕಾರಿ ಅಕ್ಕನ ಚೀಲಕ್ಕೆ ಕೈ ಹಾಕಿ ಒಂದು ಗಟ್ಟಿ ಮುದ್ದೆ ತೆಗೆದ. "ಏನಿದು?"

"ಮಣ್ಣು."

"ಮಣ್ಣನ್ನ ಯಾಕೆ ಹೊತ್ಕೊಂಡು ಹೋಗ್ತಿದೀರಿ? ಆಚೆ ಕಡೆ ಮಣ್ಣು ಇಲ್ವಾ?"

"ಇದರಲ್ಲಿ ಜೊಲ್ಲು ಇದೆ" ಎಂದು ಅಕ್ಕ ಹುರುಪಿನಿಂದ ವಿವರಿಸಲು ಶುರು ಮಾಡಿದಳು. ಅವನು ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ಮುದ್ದೆಯನ್ನು ಕಾಗದದಲ್ಲಿ ಹಿಡಿದು ಮೇಜಿನ ಆ ತುದಿಗೆ ಇಟ್ಟು, ಹೋಗಿ ಹೋಗಿ ಎಂದ.

ಆಚೆ ಮೇಡಮ್ಮಿನ ಕೋಣೆಯೂ ಭಾವನ ಕೋಣೆಯ ಹಾಗೇ ಇತ್ತು, ಕುರ್ಚಿಯ ಕಾಲು ಮಾತ್ರ ನೆಟ್ಟಗಿತ್ತು. ದುಂಡು ಮುಖದ, ಕನ್ನಡಕದ ಹೆಂಗಸು. ಅಷ್ಟು ದೂರದಿಂದ ಬಂದವರು ಎಂದು ಬಾಗಿಲಲ್ಲೇ ಕೈ ಹಿಡಿದು ಕರೆದುಕೊಂಡರು. ಬಿಸ್ಕತ್ತು ಬಂತು. ಟೀ ಬಂತು. ಅಕ್ಕ ಗೆದ್ದಲಿನ ವಿಷಯ ಎತ್ತಿದಳು, ಅವರು ಗಲ್ಲಕ್ಕೆ ಕೈಯಿಟ್ಟು ಕೇಳಿದರು, ಎರಡನೇ ಟೀ ಬಂತು. ಆಮೇಲೆ ಅರ್ಜಿ ತಿರುವಿ ಹಾಕಿ "ಚೆನ್ನಾಗಿದೆಯಲ್ಲಮ್ಮ!" ಎಂದರು. ಎಂದವರು ಸಟ್ಟನೆ ನಾಲಿಗೆ ಕಚ್ಚಿಕೊಂಡರು.

"ಅಯ್ಯೋ, ಟೀ ಕುಡಿದುಬಿಟ್ವಲ್ಲ! ನನ್ನಿಂದ ಆಗಲ್ಲಮ್ಮ ಇನ್ನು. ನಿಮ್ಮ ಮುಖಾನೂ ನೋಡ್ಬಿಟ್ಟೆ. ಒಂದು ಕೆಲಸ ಮಾಡೋಣ, ನಿಮ್ಮನ್ನ ನನ್ನ ಕಡೆಯವರು ಅಂತ ಸೇರಿಸ್ಕೊಂಡು ಗರಗಸಕ್ಕೆ ಕೊಟ್ಬಿಡ್ತೀನಿ. ಅವರಿಗೆ ದಯೆ ದಾಕ್ಷಿಣ್ಯ ಒಂದೂ ಇಲ್ಲ. ಬುಧವಾರ ಇಲ್ಲಿಗೇ ಬನ್ನಿ."

ನಂಬರು ಹನ್ನೊಂದು ಎಂದು ಬರೆದುಕೊಂಡರು. ಹೆಸರು ಕೇಳಲಿಲ್ಲ, ಗಂಡನ ವಿಷಯವಂತೂ ಕೇಳಲೇ ಇಲ್ಲ, ಅದು ಅವರ ಕಟ್ಟಳೆ. ಗರಗಸ ಎಂದರೆ ಆ ನಿಧಿಯವರು ಇಟ್ಟುಕೊಂಡಿರುವ ಯಾರೋ ಮೂರನೆಯ ಮನುಷ್ಯ ಎಂದುಕೊಂಡು ನಾವು ಬಸ್ಸು ಹತ್ತಿದೆವು. ಅಂಗಡಿಗೆ ಬಂದ ಆ ಮನುಷ್ಯ ಹೇಳಿದ್ದು ನನಗೆ ಬಸ್ಸಿನಲ್ಲಿ ನೆನಪಾಯಿತು. ನೆನಪಾಗಿ, ಪಾಪ ಸರಿಯಾದ ಊರಿಗೇ ಕಳಿಸಿದೆನೋ ಇಲ್ಲವೋ ಎಂದು ಯೋಚಿಸಿದೆನೇ ಹೊರತು ಬೇರೇನೂ ಹೊಳೆಯಲಿಲ್ಲ.

ಆ ವಾರ ಭಾವನ ನಡವಳಿಕೆ ಒಂಥರಾ ಇತ್ತು. ಸಕ್ಕರೆ ಹಾಕದ ಟೀಯನ್ನು ಕದಡುತ್ತಾ ಕೂರುತ್ತಿದ್ದರು. ಅಕ್ಕ ಅತ್ತ ತಿರುಗಿದಾಗ ಅವಳನ್ನೇ ನೋಡುತ್ತಿದ್ದರು, ಇತ್ತ ತಿರುಗಿದರೆ ಗೋಡೆ ನೋಡುತ್ತಿದ್ದರು. ಒಂದು ಸಂಜೆ "ನಿನ್ನ ಅರ್ಜಿ ಎಲ್ಲೀ ತನಕ ಬಂತು?" ಎಂದು ಕೇಳಿದರು. "ಬರೀತಾ ಇದೀನಿ" ಎಂದು ಅಕ್ಕ ಹಸಿ ಹಸಿ ಸುಳ್ಳು ಹೇಳಿದಳು. "ಪರ..." ಎಂದು ಭಾವ ಬಾಯಿ ತೆರೆದವರು ಹಾಗೇ ಮುಚ್ಚಿಕೊಂಡು ಎದ್ದು ಹೋದರು. ಲೋಕದಲ್ಲಿ ಗೆದ್ದಲಿನ ಜೊಲ್ಲಿನ ಮೇಲೆ ಅರ್ಜಿ ಹಾಕುವ ಹೆಂಗಸರು ಎಷ್ಟು ಜನ ಇದ್ದಾರು? ನಂಬರು ಹನ್ನೊಂದನ್ನು ತೆರೆದ ಕೂಡಲೇ ಅವರಿಗೆ ಗೊತ್ತಾಗಿತ್ತು. ಗೊತ್ತಿಲ್ಲದ ಪೆದ್ದರು ನಾವಿಬ್ಬರೇ.

ಬುಧವಾರ ಆಚೆ ಮೇಡಮ್ಮಿನ ಮೇಜಿನ ಮುಂದೆ ಅಕ್ಕ ಕೂತಳು, ನಾನು ಬಾಗಿಲ ಪಕ್ಕದ ಸ್ಟೂಲಿನಲ್ಲಿ. ಕಂಪ್ಯೂಟರಿನಲ್ಲಿ ಎರಡು ಕಪ್ಪು ಚೌಕಗಳು. ಒಂದು ಚೌಕದೊಳಗಿನಿಂದ ಯಾರೋ ಕೆಮ್ಮಿದರು. ಆ ಕೆಮ್ಮು! ದಿನಾ ಬೆಳಿಗ್ಗೆ ನಮ್ಮ ಮನೆಯ ಹಿತ್ತಿಲಿನಲ್ಲಿ ಕೇಳುವ ಕೆಮ್ಮು. ಅಕ್ಕನ ಬೆನ್ನು ನೆಟ್ಟಗಾಯಿತು. ತಿರುಗಿ ನನ್ನನ್ನು ನೋಡಿದಳು. ನನ್ನ ಬಾಯಿ ತೆರೆದುಕೊಂಡೇ ಇತ್ತು.

"ನಂಬರು ಹನ್ನೊಂದಾ?" ದನಿಯನ್ನು ಹೊಟ್ಟೆಯೊಳಗಿನಿಂದ ತೆಗೆದು ದಪ್ಪ ಮಾಡಿಕೊಂಡಿದ್ದರು.

"ಹೌದು ಸಾರ್" ಎಂದಳು ಅಕ್ಕ. ಎದ್ದು ಬರುತ್ತಾಳೆಂದು ನಾನು ಕಾಯುತ್ತಿದ್ದೆ, ಅವಳು ಕುರ್ಚಿಯನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡಳು.

"ಎರಡು ಸಲ ಓದಿದೆ ಮೇಡಂ. ಮೊದಲ ಎಂಟು ಪುಟದಲ್ಲಿ ಗೆದ್ದಲು ಎಲ್ಲಿದೆ, ತೋರಿಸಿ ನೋಡೋಣ. ಜಗತ್ತಿನ ಇತಿಹಾಸ ಇದೆ. ಹವಾಮಾನ ಇದೆ. ದೊಡ್ಡ ದೊಡ್ಡವರ ಹೆಸರೆಲ್ಲ ಇದೆ. ಗೆದ್ದಲು ಒಂಬತ್ತನೇ ಪುಟಕ್ಕೆ ಬರತ್ತೆ, ಅದೂ ತಲೆ ತಗ್ಗಿಸ್ಕೊಂಡು ಬರತ್ತೆ. ನಿಮ್ಮ ಗೆದ್ದಲು ಕಂಡ್ರೆ ನಿಮಗೇ ನಾಚಿಕೆನಾ?"

"ಇಲ್ಲ ಸಾರ್!"

"ಮತ್ಯಾಕೆ ಬಚ್ಚಿಟ್ಟಿದೀರಿ?"

"ಜನ ನಗ್ತಾರೆ ಸಾರ್."

"ನಗಲಿ ಬಿಡಿ! ನಕ್ಕವರು ಮುಂದಿನ ಪುಟ ತಿರುಗಿಸ್ತಾರೆ, ಆಕಳಿಸಿದವರು ತಿರುಗಿಸಲ್ಲ. ಆ ಎಂಟು ಪುಟ ಹರಿದು ಒಲೆಗೆ ಹಾಕಿ."

ಎಷ್ಟು ಧೈರ್ಯ ಈ ಮನುಷ್ಯನಿಗೆ! ಆಚೆ ಮೇಡಂ ಮಾತ್ರ ನನ್ನ ಕಡೆ ವಾಲಿ "ಹೇಳಿಲ್ವಾ ನಾನು? ಗರಗಸ!" ಎಂದು ಹೆಮ್ಮೆಯಿಂದ ಪಿಸುಗುಟ್ಟಿದರು. ಅಕ್ಕ ಪೆನ್ನು ತೆಗೆದು ಬರೆದುಕೊಳ್ಳತೊಡಗಿದ್ದಳು.

ಗರಗಸಕ್ಕೆ ಈಗ ಕಾವೇರಿತ್ತು. "ಆಮೇಲೆ ಈ ವಾಕ್ಯ. 'ನೀರು ಒಸರುವುದನ್ನು ತಡೆಯುವ ಸಾಧ್ಯತೆ ಇರಬಹುದೆಂದು ಊಹಿಸಬಹುದಾಗಿದೆ.' ಏನ್ರೀ ಇದು? ಇರಬಹುದಂತೆ, ಊಹಿಸಬಹುದಂತೆ! ಬಚ್ಚಲುಮನೆ ಗೋಡೆ ಬಿರುಕಿಗೆ ನೀವೇ ಕೈಯಾರೆ ಗೆದ್ದಲಿನ ಮಣ್ಣು ಮೆತ್ತಿದ್ರಲ್ಲ, ಏನಾಯ್ತದು? ಏಳು ಮಳೆಗಾಲ ಹೋಯ್ತು, ಒಂದು ಹನಿ ಇಳಿದಿದೆಯಾ? ದಿನಾ ಅದರ ಪಕ್ಕ ನಿಂತು ಸ್ನಾನ ಮಾಡ್ತೀರಿ, ಅದನ್ನ ಯಾಕೆ ಬರೆದಿಲ್ಲ?"

ಆಚೆ ಮೇಡಂ ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು.

"ಸಾರ್, ಅವರ ಬಚ್ಚಲುಮನೆ ವಿಷಯ ನಿಮಗೆ ಹೇಗೆ ಗೊತ್ತು?"

ಕಪ್ಪು ಚೌಕದೊಳಗೆ ಕುರ್ಚಿಯೊಂದು ಕಿರುಗುಟ್ಟಿತು.

"ಅವರೂ ಅಲ್ಲೇ ಸ್ನಾನ ಮಾಡೋದು ಮೇಡಂ" ಎಂದಳು ಅಕ್ಕ.

ಆಚೆ ಮೇಡಮ್ಮಿನ ಮುಖ ಬಿಳಿಚಿಕೊಂಡದ್ದನ್ನು ನೋಡಿ ನಾನು ಓಡಿ ಹೋಗಿ "ಮದುವೆ ಆಗಿದೆ ಮೇಡಂ, ಇಬ್ಬರಿಗೂ ಮದುವೆ ಆಗಿದೆ, ಒಬ್ಬರಿಗೊಬ್ಬರು ಆಗಿದಾರೆ!" ಎಂದು ತಡಬಡಾಯಿಸಿದೆ. ಅಷ್ಟು ಹೊತ್ತಿಗೆ ಆ ಕಡೆಯ ಚೌಕ ಮಾಯವಾಗಿತ್ತು. ನಾನು ನೆಲದ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕೆ. ಆಚೆ ಮೇಡಮ್ಮೂ ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಅಕ್ಕ ನಗಲಿಲ್ಲ. ಬರೆದುಕೊಂಡದ್ದನ್ನು ಮಡಚಿ ಚೀಲಕ್ಕೆ ಹಾಕಿಕೊಂಡಳು.

ಬಸ್ಸಿನಲ್ಲಿ ನಾನು ಭಾವನನ್ನು ಬಾಯಿಗೆ ಬಂದಂತೆ ಬೈದೆ. ಅಕ್ಕ ಕಿಟಕಿಯಾಚೆ ನೋಡುತ್ತಿದ್ದಳು. "ಬೈದಿದ್ದಕ್ಕೆ ಕೋಪ ಇಲ್ಲ ಕಣೇ. ಅವರು ಹೇಳಿದ್ದೆಲ್ಲ ಸರಿ. ಅದಕ್ಕೇ ಹೊಟ್ಟೆ ಉರೀತಿದೆ. ಮೊದಲ ಮೂರು ಸಲಾನೂ ಇದೆಲ್ಲ ಗೊತ್ತಿದ್ದೂ ಸುಮ್ನಿದ್ರಾ ಅಂತ ಕೇಳ್ಬೇಕು. ಆದ್ರೆ ಏನ್ ಹೇಳ್ತಾರೋ ಅಂತ ಕೇಳೋಕೇ ಭಯ ಆಗತ್ತೆ."

ಮನೆಯಲ್ಲಿ ಭಾವ ಚಪ್ಪಲಿಯನ್ನೂ ಬಿಚ್ಚದೆ ಹಜಾರದಲ್ಲಿ ನಿಂತಿದ್ದರು. ಮುಖ ಇಂಗು ತಿಂದ ಮಂಗನ ಹಾಗಾಗಿತ್ತು. ಅಕ್ಕ ಕೇಳಬೇಕಾದ್ದನ್ನು ಕೇಳಲಿಲ್ಲ. "ಅಲ್ಲಿ ಕೂತು ಬೈಯೋಕೆ ಬರತ್ತೆ, ಇಲ್ಲಿ ಯಾಕ್ರೀ ಬರಲ್ಲ?" ಎಂದಳು.

"ನಿನ್ನ ಮುಖ ನೋಡಿದ್ರೆ ಬರಲ್ಲ ಕಣೇ. ನಾನು ಓದಿ ಮುಗಿಸಿ ತಲೆ ಎತ್ತುತೀನಲ್ಲ, ಆಗ ನಿನ್ನ ಮುಖ ಇರೋ ರೀತಿ ನೋಡಿದ್ರೆ, ಏನೂ ಹೇಳೋಕಾಗಲ್ಲ."

"ಹಾಗಾದ್ರೆ ಮುಖ ನೋಡ್ಬೇಡಿ. ಮುಂದಿನ ಬುಧವಾರ ಆಚೆಗೇ ಹೋಗ್ತೀನಿ."

ಹೋದಳು! ಸ್ವಂತ ಗಂಡನ ಬಾಯಿಂದ ನಿಜ ಕೇಳಲು ನನ್ನಕ್ಕ ಪ್ರತಿ ಬುಧವಾರ ದೇಶ ಬಿಟ್ಟು ಹೋಗತೊಡಗಿದಳು. ಭಾವ ನಮ್ಮ ಮನೆಯಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿ, ತಮ್ಮ ರಟ್ಟಿನ ಕುರ್ಚಿಯಲ್ಲಿ ಕೂತು ಬೈಯುತ್ತಿದ್ದರು. ಅವಳು ಗಡಿಯಾಚೆ ಕೂತು ಬೈಸಿಕೊಂಡು, ಬಸ್ಸು ಹತ್ತಿ ಮನೆಗೆ ಬರುತ್ತಿದ್ದಳು. ಬಂದವಳಿಗೆ ಅವರೇ ಟೀ ಮಾಡಿ ಕೊಡುತ್ತಿದ್ದರು. ಊಟದ ಹೊತ್ತಿನಲ್ಲಿ ಅರ್ಜಿಯ ಸುದ್ದಿ ಇಬ್ಬರೂ ಎತ್ತುತ್ತಿರಲಿಲ್ಲ. ಇವರ ಮಧ್ಯೆ ಕೂತು ಊಟ ಮಾಡುವ ನನ್ನ ಕಷ್ಟ ಯಾರಿಗೆ ಬೇಕು? ಚೆಕ್‌ಪೋಸ್ಟಿನವನಿಗೂ ನಮ್ಮ ಮುಖ ಪರಿಚಯವಾಯಿತು.

"ಪ್ರತಿ ವಾರ ಯಾಕೆ ಹೋಗ್ತೀರಿ?"

"ಗಂಡನ ಹತ್ರ ಬೈಸ್ಕೊಳ್ಳೋಕೆ" ಎಂದಳು ಅಕ್ಕ.

"ನಿಮ್ಮ ಯಜಮಾನರು ಆಚೆ ಇರೋದಾ?"

"ಇಲ್ಲ, ಈಚೆ ಇದಾರೆ."

ಅವನು ಅವಳ ಮುಖ ನೋಡಿ, ಮುದ್ರೆ ಒತ್ತಿದ.

ಅರ್ಜಿ ಬದಲಾಗುತ್ತಾ ಹೋಯಿತು. ಗೆದ್ದಲು ಮೊದಲ ಪುಟದ ಮೊದಲ ಸಾಲಿಗೇ ಬಂತು. ಬಚ್ಚಲುಮನೆ ಗೋಡೆ ಎರಡನೇ ಪುಟಕ್ಕೆ ಬಂತು, ಫೋಟೋ ಸಮೇತ. ಬೈಂಡ್ ಮಾಡುವಾಗ ಓದಿ ನಾನೇ ಕೆಲಸ ನಿಲ್ಲಿಸಿ ಕೂತುಬಿಟ್ಟೆ ಎಂದ ಮೇಲೆ ಕೇಳಬೇಕೇ? ಕೊನೆಯ ಪುಟವೊಂದು ಉಳಿದಿತ್ತು. ಅದನ್ನು ಒಪ್ಪಿಸಿ ಬೈಸಿಕೊಂಡು ಬಂದು ಕಳಿಸಿದರೆ ಮುಗಿಯಿತು ಎಂದು ಅಕ್ಕ ಹೊರಟರೆ ಬಸ್ಸೇ ಇಲ್ಲ. ಗಡಿಯ ಸೇತುವೆ ರಿಪೇರಿ, ಎರಡು ದಿನ ಓಡಾಟ ಬಂದ್. ಅರ್ಜಿ ಕಳಿಸಲು ಆ ದಿನ ಸಂಜೆಯೇ ಕೊನೆ.

ಅಕ್ಕ ಬಸ್‌ ನಿಲ್ದಾಣದಿಂದ ವಾಪಸ್ ಬಂದು, ಆಫೀಸಿಗೆ ಹೊರಟು ನಿಂತಿದ್ದ ಭಾವನ ಮುಂದೆ ಊಟದ ಮೇಜಿನ ಮೇಲೆ ಆ ಪುಟ ಇಟ್ಟಳು. "ಓದಿ."

"ನಾನು ಆಫೀಸಿಗೆ ಹೋಗಿ ಫೋನ್ ಮಾಡ್ಲಾ?"

"ಬೇಡ."

"ಆ ಕಡೆ ತಿರುಗಿ ಕೂತ್ಕೊಳ್ಲಾ?"

"ಬೇಡ ಅಂದೆನಲ್ಲ. ಇಲ್ಲೇ ಕೂತು, ನನ್ನ ನೋಡಿ ಹೇಳಿ."

ಭಾವ ಓದಿದರು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಓದಿ ಮುಗಿಸಿ ತಲೆ ಎತ್ತಿದರು. ಅಕ್ಕ ಅವರನ್ನೇ ನೋಡುತ್ತಿದ್ದಳು. ಆ ಮುಖವನ್ನು ನಾನೂ ಆಗಲೇ ಸರಿಯಾಗಿ ನೋಡಿದ್ದು. ಪರೀಕ್ಷೆಯ ಫಲಿತಾಂಶಕ್ಕೆ ಕಾಯುವ ಮಗುವಿನ ಮುಖ. ಅದನ್ನು ನೋಡಿ ಇಲ್ಲವೆನ್ನಲು ಕಲ್ಲಿನ ಎದೆ ಬೇಕು. ನಿಜ ಹೇಳುತ್ತೇನೆ, ಅಂದು ಮೊದಲ ಸಲ ನನಗೆ ಭಾವನ ಮೇಲೆ ಕರುಣೆ ಬಂತು.

"ಇದು ಚೆನ್ನಾಗಿಲ್ಲ" ಎಂದರು ಭಾವ. ಹೇಳಿ, ಲೋಟದ ನೀರನ್ನೆಲ್ಲ ಗಟಗಟ ಕುಡಿದರು.

"ಯಾಕೆ?"

"ಇಷ್ಟು ಹೊತ್ತು ತಲೆ ಎತ್ತಿ ಮಾತಾಡಿದೀಯ, ಇಲ್ಲಿ ಬಂದು ಗೋಗರೀತಿದೀಯ. 'ದಯವಿಟ್ಟು ಪರಿಶೀಲಿಸಬೇಕಾಗಿ ಬೇಡಿಕೊಳ್ಳುತ್ತೇನೆ.' ಯಾಕೆ ಬೇಡ್ಕೋಬೇಕು? ಅವರ ಕಾಲುವೆ ಸೋರ್ತಿದೆ, ನಿನ್ನ ಹತ್ರ ಮದ್ದಿದೆ. ಬೇಕಾದ್ರೆ ತಗೊಳ್ಳಿ ಅನ್ನೋ ಹಾಗೆ ಬರಿ."

ಅಕ್ಕ ಪುಟ ಹರಿದಳು. ಅಲ್ಲೇ ಕೂತು ಬರೆದಳು, ಅವರು ಹೊಡೆದು ಹಾಕಿದರು, ಮತ್ತೆ ಬರೆದಳು. ಒಂದು ಹಂತದಲ್ಲಿ ಇಬ್ಬರೂ ಎಷ್ಟು ಜೋರಾಗಿ ಜಗಳಾಡಿದರೆಂದರೆ ಪಕ್ಕದ ಮನೆಯವರು ಕಿಟಕಿ ತೆರೆದು ನೋಡಿದರು. ನಮ್ಮ ಮನೆಯಲ್ಲಿ ಜಗಳ ಎಂದರೆ ಅವರಿಗೂ ಹೊಸದೇ. ಸಂಜೆಯೊಳಗೆ ಅರ್ಜಿ ಹೋಯಿತು.

ಹಣ ಬಂತು. ಸುದ್ದಿ ಕೇಳಿ ನಾನು ಅಂಗಡಿ ತೆರೆದಿದ್ದ ಹಾಗೇ ಬಿಟ್ಟು ಓಡಿದೆ. ಹೊಸ್ತಿಲು ಗಿಸ್ತಿಲು ಎಲ್ಲ ಮರೆತು, ಗೆದ್ದಲಿನ ಪೆಟ್ಟಿಗೆಗಳ ನಡುವೆಯೇ ಅಕ್ಕನನ್ನು ತಬ್ಬಿಕೊಂಡೆ. ಆಚೆ ಮೇಡಂ ಫೋನಿನಲ್ಲಿ ಅವಳಿಗಿಂತ ಜೋರಾಗಿ ಕಿರುಚಿದರು. ನಿರ್ದೇಶಕರು ಬಂದು, ಈ ಕೋಣೆ ಸಾಲುತ್ತದಾ, ಇನ್ನೊಂದು ಕೊಡೋಣವಾ ಎಂದು ಹಲ್ಲು ಕಿರಿದರು. ಅಕ್ಕ ಅವರಿಗೆ ಕೂರಲು ಒಂದು ಮುರಿದ ಕುರ್ಚಿ ತೋರಿಸಿದಳು.

ಸಂಜೆ ಮೂವರೂ ಹಜಾರದಲ್ಲಿ ಕೂತಿದ್ದೆವು. ನಕ್ಕು ನಕ್ಕು ಸಾಕಾಗಿತ್ತು. ಅಕ್ಕ ಇದ್ದಕ್ಕಿದ್ದಂತೆ ಕೇಳಿದಳು.

"ರೀ, ಮೊದಲನೇ ಸಲ ನಾನು ಅರ್ಜಿ ಬರೆದು ತೋರಿಸಿದ್ನಲ್ಲ, ಆಗಲೇ ಇದೆಲ್ಲ ನಿಮಗೆ ಕಂಡಿತ್ತಾ?"

ಇಲ್ಲ ಅನ್ನಿ ಭಾವ, ಇಲ್ಲ ಅನ್ನಿ ಎಂದು ಅಕ್ಕನ ಹಿಂದಿನಿಂದ ಕಣ್ಣು, ಕೈ, ತಲೆ ಎಲ್ಲ ಆಡಿಸಿದೆ. ಆ ಗರಗಸ ವಿದ್ಯೆ ಈಚೆಗೆ ಕಲಿತದ್ದು, ಆಗ ನನಗೇನೂ ತಿಳಿಯುತ್ತಿರಲಿಲ್ಲ ಎಂದರೆ ಆಗಿಹೋಗುತ್ತಿತ್ತು. ಯಾರು ನಂಬುತ್ತಿರಲಿಲ್ಲ? ನಾನೇ ನಂಬುತ್ತಿದ್ದೆ.

ಭಾವ ನನ್ನನ್ನು ನೋಡಿದರು. ಆಮೇಲೆ ಅವಳನ್ನು ನೋಡಿದರು.

"ಕಂಡಿತ್ತು. ಆಗಲೇ ಹೇಳಿದ್ರೆ ಆಗಲೇ ಸಿಗ್ತಿತ್ತು. ಆರು ವರ್ಷ ನಿನ್ನದು, ನನ್ನಿಂದ ಹಾಳಾಯ್ತು."

ಅಕ್ಕ ತಲೆ ಆಡಿಸಿದಳು. "ಬಚ್ಚಲುಮನೆ ಅಂದ್ರಲ್ಲ, ಆ ದಿನಾನೇ ಗೊತ್ತಾಯ್ತು ನಂಗೆ. ಇವತ್ತು ನೀವು ಇಲ್ಲ ಅಂದಿದ್ರೆ, ಇನ್ನು ಯಾವತ್ತೂ ನಿಮ್ಮನ್ನ ಏನೂ ಕೇಳ್ತಿರಲಿಲ್ಲ."

ಅಷ್ಟು ಹೇಳಿ ಅತ್ತಳು. ಮೂರು ಸಲ ಅರ್ಜಿ ವಾಪಸ್ ಬಂದಾಗಲೂ ಅಳದವಳು, ಹಣ ಬಂದ ದಿನ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಭಾವ ಸಮಾಧಾನದ ಒಂದು ಮಾತೂ ಆಡಲಿಲ್ಲ. ಕುರ್ಚಿಯನ್ನು ಅವಳ ಪಕ್ಕಕ್ಕೆ ಎಳೆದುಕೊಂಡು ಕೂತರು, ಅವಳು ಅತ್ತು ಮುಗಿಸುವ ತನಕ ಏಳಲಿಲ್ಲ.